ಎರೆಹೊಲದ ದ್ರಾಕ್ಷಿ, ಮೇಲಿನ ಖಾನೆಯ ಬಾಟಲಿ

ಫೆಬ್ರುವರಿ ನಡುವಿಗೆ ಆಳಂದ ತಾಲ್ಲೂಕಿನ ಮಟಕಿ ಕಡೆಯ ಎರೆಹೊಲಗಳಲ್ಲಿ ಬಣ್ಣ ಕಡಿಮೆ. ತೊಗರಿ ಕೊಯ್ದು, ರಾಶಿಯಾಗಿ, ಬೇಳೆ ಮಿಲ್ಲಿನ ದಾರಿ ಹಿಡಿದಾಗಿದೆ. ಕೂಳೆ ಉಳಿದ ನೆಲ ಕೈ ಇಳಿಯುವಷ್ಟು ಬಿರುಕು ಬಿಟ್ಟಿದೆ. ಬಿಳಿಜೋಳದ ತೆನೆ ಬಲಿತು ದಂಟು ಒಣಗುತ್ತಿದೆ. ಅಂಚಿಗೆ ಬಿತ್ತಿದ ಕುಸುಬಿಯ ಸಾಲಿನಲ್ಲಿ ಮಾತ್ರ ಅಷ್ಟಿಷ್ಟು ಹಳದಿ, ಕೇಸರಿ. ಬದುವಿನ ಮೇಲೆ ಜಾಲಿ, ಬೇವು. ಮಹಾರಾಷ್ಟ್ರದ ಗಡಿ ಈ ತಾಲ್ಲೂಕಿನ ಯಾವ ಊರಿಗೂ ಬಹಳ ದೂರವಲ್ಲ. ಕನ್ನಡದಲ್ಲಿ ಮಾತು ಶುರು ಮಾಡಿ, ಮರಾಠಿಯಲ್ಲಿ ಲೆಕ್ಕ ಹೇಳಿ, ಉರ್ದುವಿನಲ್ಲಿ ಚೌಕಾಸಿ ಮುಗಿಸುವ ಸೀಮೆ ಇದು.

ಈ ಒಣ ವಿಸ್ತಾರದಲ್ಲಿ ಹೋಗುತ್ತಿದ್ದರೆ ಎಲ್ಲೋ ಒಂದು ಕಡೆ ಹಸಿರು ಚಪ್ಪರ ಏಕಾಏಕಿ ಎದುರಾಗುತ್ತದೆ. ಕಬ್ಬಿಣದ ಕಂಬ, ಎಳೆದು ಕಟ್ಟಿದ ತಂತಿ, ಕೆಳಗೆ ಹನಿ ನೀರಾವರಿಯ ಕಪ್ಪು ಪೈಪು. ಒಳಗೆ ಬಗ್ಗಿ ಕಾಲಿಟ್ಟರೆ ಬಿಸಿಲು ಹೊರಗೇ ಉಳಿಯುತ್ತದೆ. ತಲೆಗೆ ತಾಗುವಷ್ಟು ಕೆಳಗೆ ಗೊನೆಗಳು. ಹೆಣ್ಣಾಳುಗಳು ಕತ್ತರಿ ಹಿಡಿದು, ಗೊನೆಯ ತೊಟ್ಟನ್ನಷ್ಟೇ ಮುಟ್ಟಿ ಕತ್ತರಿಸಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಡುತ್ತಾರೆ. ಹಣ್ಣಿನ ಮೇಲಿನ ಬೂದಿಯಂಥ ಬಿಳಿ ಪೊರೆ ಕೈಗೆ ಅಳಿಸಿಹೋದರೆ ದಲಾಲಿ ದರ ಇಳಿಸುತ್ತಾನೆ. ಹಾಗಾಗಿ ಮಾತು ಎಷ್ಟು ಜೋರಿದ್ದರೂ ಕೈ ಮಾತ್ರ ಮೆತ್ತಗೆ. ಥಾಮ್ಸನ್, ಸೋನಾಕ, ಮಾಣಿಕ್ ಚಮನ್, ಕರಿಯದಾದರೆ ಶರದ್. ತೋಟದವರ ಬಾಯಲ್ಲಿ ಈ ಹೆಸರುಗಳು ಮನೆಯ ಮಕ್ಕಳ ಹೆಸರಿನ ಸಲೀಸಿನಲ್ಲಿ ಬರುತ್ತವೆ.

ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣು ಬಿಡುವುದಕ್ಕೆ. ಚಳಿ ದೇಶದ ಬಳ್ಳಿ ಹಿಮ ಬಿದ್ದಾಗ ತಾನೇ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಕತ್ತರಿಯೇ ಅದರ ಋತುಮಾನ. ಹದಿನಾಲ್ಕನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದಿದ್ದ ಇಬ್ನ್ ಬತೂತ, ಅಲ್ಲಿನ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆರಡು ಸಲ ಫಲ ಕೊಡುತ್ತವೆ ಎಂದು ಬರೆದಿಟ್ಟ. ಇಂದಿನ ದಖ್ಖನಿನ ರೈತ ಎರಡು ಸಲ ಕತ್ತರಿಸಿ ಒಂದೇ ಸಲ ಫಲ ತೆಗೆಯುತ್ತಾನೆ. ಎರಡನೆಯ ಫಲ ಮಳೆಗಾಲಕ್ಕೆ ಸಿಕ್ಕರೆ ಬೂಜು, ಕೊಳೆ ಎರಡೂ ಗ್ಯಾರಂಟಿ.

ಇಷ್ಟು ಹಣ್ಣು ನೋಡಿದವರು ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಇದರಿಂದ ವೈನ್ ಮಾಡುವುದಿಲ್ಲವೇ? ತೋಟದ ಯಜಮಾನರು ನಕ್ಕರು. "ವೈನಿಂದು ಹಣ್ಣೇ ಬ್ಯಾರೆ ಇರ್ತದರಿ. ಇದು ತಿನ್ನೂದು. ಛಲೋ ಮಾಲು ಸೋಲಾಪುರಕ್ಕ, ಹೈದರಾಬಾದಿಗೆ ಹೋಗ್ತದ. ದರ ಬಿತ್ತಂದ್ರ ಶೆಡ್ಡಿಗೆ ಹಾಕಿ ಒಣಗಿಸಿ ಮಣೂಕ ಮಾಡೂದು."

ಅವರ ಮಾತು ಸರಿ. ತಿನ್ನುವ ದ್ರಾಕ್ಷಿಗೆ ದಪ್ಪ ಕಾಯಿ, ತೆಳು ಸಿಪ್ಪೆ, ಬೀಜವಿಲ್ಲದ ತಿರುಳು ಬೇಕು. ವೈನಿನ ದ್ರಾಕ್ಷಿ ಸಣ್ಣದು. ಅದರ ಸಿಪ್ಪೆ ದಪ್ಪ, ಒಳಗೆ ಬೀಜ, ಬಾಯಿಗೆ ಹಾಕಿದರೆ ಒಗರು. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಸಿಪ್ಪೆಯಿಂದಲೇ ಇಳಿಯಬೇಕು. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು. ತಿನ್ನುವ ಹಣ್ಣನ್ನು ಸಕ್ಕರೆ ಅಂಶ ಹದಿನೇಳು ಹದಿನೆಂಟು ಬ್ರಿಕ್ಸ್ ಮುಟ್ಟಿದಾಗಲೇ ಕೊಯ್ಯಬಹುದು. ವೈನಿನದಕ್ಕೆ ಇಪ್ಪತ್ತೆರಡು ಇಪ್ಪತ್ತಮೂರರ ತನಕ ಕಾಯಬೇಕು. ಇಳುವರಿಯನ್ನೂ ಬೇಕೆಂದೇ ಅರ್ಧಕ್ಕೆ ಹಿಡಿಯಬೇಕು. ಕೊಳ್ಳುವ ವೈನರಿ ಮೊದಲೇ ಕರಾರು ಬರೆದುಕೊಡದೆ ಯಾವ ರೈತನೂ ಈ ಜೂಜಿಗೆ ಇಳಿಯುವುದಿಲ್ಲ. ಮಾರ್ಚಿನಲ್ಲಿ ಆಲಿಕಲ್ಲು ಬಿದ್ದರೆ ಏನು ಗತಿ ಎನ್ನುವುದು ಇವರಿಗೆ ಗೊತ್ತಿರುವ ಸಂಗತಿ.

ಮದಿರೆ ಈ ನೆಲಕ್ಕೆ ಹೊರಗಿನದೇನಲ್ಲ. ಆಳಂದವು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಳಂದೆ ಸಾಸಿರ ನಾಡು. ಕಲ್ಯಾಣದಲ್ಲಿ ಕೂತು ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಊಟ, ಸಂಗೀತ, ಬೇಟೆಗಳ ಜೊತೆಗೆ ಮದಿರಾಪಾನದ ವಿನೋದಕ್ಕೂ ಜಾಗವಿದೆ. ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವಾಗ ಭೀಮೆಯ ದಂಡೆಯಲ್ಲಿ ಹಾಳುಬಿದ್ದ ಫಿರೋಜಾಬಾದ್ ಕೋಟೆ ಸಿಗುತ್ತದಲ್ಲ, ಅದನ್ನು ಕಟ್ಟಿಸಿದ ಫಿರೋಜ್ ಶಾಹ ಬಹಮನಿಗೆ ಸಂಗೀತ ಮತ್ತು ಮದಿರೆಯ ಒಲವಿತ್ತೆಂದು ಚರಿತ್ರಕಾರ ಫಿರಿಶ್ತಾ ದಾಖಲಿಸಿದ್ದಾನೆ. ಅರಮನೆಯ ಮಾತು ಅದು. ಊರಿನ ಮಾತು ಬೇರೆ: ಈಚಲು ಮರದ ಸೇಂದಿ, ಆಮೇಲೆ ಸಾರಾಯಿ, ಅದರ ಪಾಕೀಟು.

ಸಾರಾಯಿ ಪಾಕೀಟು ಕರ್ನಾಟಕದಲ್ಲಿ ನಿಂತದ್ದು 2007ರ ಜುಲೈ 1ರಂದು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ದ್ರಾಕ್ಷಿ ಬೆಳೆಗಾರನ ಹಣ್ಣಿಗೆ ಇನ್ನೊಂದು ಮಾರುಕಟ್ಟೆ ಇರಲಿ ಎಂದು ವೈನ್ ಮಂಡಳಿ ಬಂತು, ಸುಂಕದಲ್ಲಿ ರಿಯಾಯಿತಿ ಬಂತು, ಊರೂರಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದವು. ಬೆಳೆಯುವವನ ಕಡೆಯ ಏರ್ಪಾಡು ಹೀಗೆ ಒಂದಿಷ್ಟು ಆಯಿತು. ಕುಡಿಯುವವನ ಕಡೆಯದು ಏನಾಯಿತು ಎಂದು ನೋಡಬೇಕಾದರೆ ಸಂಜೆ ಏಳರ ಮೇಲೆ ಪೇಟೆಗೆ ಹೋಗಬೇಕು.

ಈ ಸೀಮೆಯ ಯಾವ ಪೇಟೆಯಾದರೂ ಆದೀತು. ಬಸ್ ನಿಲ್ದಾಣದ ಹತ್ತಿರ ಕಬ್ಬಿಣದ ಜಾಲರಿ ಹೊಡೆದ ಅಂಗಡಿ. ಜಾಲರಿಯಲ್ಲಿ ಕೈ ತೂರುವಷ್ಟು ಕಿಂಡಿ. ಮೇಲೆ ಹಳದಿ ಬೋರ್ಡಿನಲ್ಲಿ ದೇವರದೋ ಹೆಂಡತಿಯದೋ ಹೆಸರು, ಅದರ ಮುಂದೆ 'ವೈನ್ಸ್'. ಕಿಂಡಿಯೊಳಗೆ ಐದಾರು ಕೈ ಒಟ್ಟಿಗೆ. "ಎರಡು ನೈಂಟಿ", "ಒಂದು ಕ್ವಾಟರ್", "ಚಿಲ್ಲರ್ ಇಲ್ಲಪ, ಫೋನ್‌ಪೇ ಮಾಡು". ನೀರಿನ ಪಾಕೀಟು, ಪ್ಲಾಸ್ಟಿಕ್ ಲೋಟ, ಶೇಂಗಾ ಪುಡಿಕೆ ಪಕ್ಕದ ಡಬ್ಬಿ ಅಂಗಡಿಯವನ ಉಪವ್ಯಾಪಾರ. ಇಷ್ಟರ ನಡುವೆ ತಲೆಯೆತ್ತಿ ನೋಡಿದರೆ ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿ, ಟ್ಯೂಬ್‌ಲೈಟಿಗೆ ಅಂಟಿದಂತೆ, ನಾಲ್ಕೈದು ವೈನ್ ಬಾಟಲಿಗಳು ನೆಟ್ಟಗೆ ನಿಂತಿರುತ್ತವೆ. ಮೇಲೆ ಧೂಳಿನ ಪದರ. ಹಿಂದೆ ಪಡುವಣ ಗೋಡೆ. ಅದರ ಮೇಲೆ ತಗಡು.

"ಅಣ್ಣಾರ, ಆ ಕೆಂಪು ಬಾಟ್ಲಿ ಹ್ಯಾಂಗದರಿ?"

"ಛಲೋ ಅದರಿ."

"ಅಂದ್ರ ಸಿಹಿನೋ, ಒಗರೋ?"

ಅಂಗಡಿಯವರು ಒಂದು ಕ್ಷಣ ನನ್ನನ್ನು ನೋಡಿದರು. ಈ ಪ್ರಶ್ನೆ ಆ ಕಿಂಡಿಗೆ ಬಂದದ್ದು ಅಪರೂಪ ಇರಬೇಕು. "ನಾ ಕುಡಿಯಂಗಿಲ್ಲರಿ. ಕೆಲವರು ಹಾರ್ಟಿಗೆ ಛಲೋ ಅಂತ ಒಯ್ತಾರ. ಡಿಸೆಂಬರದಾಗ ಕೇಕಿಗಿ ಒಯ್ತಾರ. ಹುಡುಗೂರು ಬರ್ತ್‌ಡೇಕ್ಕ ಢಮ್ ಅನ್ನೂದು ಕೇಳ್ತಾರ." ಅಷ್ಟರಲ್ಲಿ ಇನ್ನೆರಡು ಕೈ ಒಳಗೆ ಬಂದವು. ನಾನು ಪಕ್ಕಕ್ಕೆ ಸರಿದೆ.

ಅವರದೇನೂ ತಪ್ಪಿಲ್ಲ. ಗಿರಾಕಿ ಕೇಳದ ಸರಕಿನ ಬಗ್ಗೆ ಅಂಗಡಿಯವನು ಯಾಕೆ ತಿಳಿದುಕೊಳ್ಳಬೇಕು? ಹೃದಯದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಪ್ರಮಾಣ ಎಂಬುದೊಂದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟ ಮಾಡಿದೆ. ವೈನನ್ನು ಔಷಧವೆಂದು ಮಾರುವವರೂ ಕೊಳ್ಳುವವರೂ ಇಬ್ಬರೂ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ರುಚಿಗೆಂದು ಕೊಂಡರೆ ಸರಿ. ಆದರೆ ರುಚಿ ಹೇಳುವವರು ಬೇಕಲ್ಲ.

ಬೇರೆ ದೇಶಗಳಲ್ಲಿ ಆ ಕೆಲಸ ಮಾಡುವವನೇ ಸ್ವತಂತ್ರ ವೈನ್ ವ್ಯಾಪಾರಿ. ಯಾವ ಕಂಪನಿಗೂ ಕಟ್ಟುಬೀಳದೆ, ತಾನೇ ಕುಡಿದು ನೋಡಿ ತರಿಸಿ, ಯಾವುದನ್ನು ಯಾವ ಊಟಕ್ಕೆ ಎಂದು ಗಿರಾಕಿಗೆ ಹೇಳಿ ಕಳಿಸುವವನು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ಬೆರ್ರಿ ಬ್ರದರ್ಸ್ ಎಂಬ ಅಂಗಡಿ 1698ರಿಂದ ನಡೆದಿದೆ. ಅಲ್ಲಿ ಕಾಫಿ ತೂಗುವ ದೊಡ್ಡ ತಕ್ಕಡಿಯಲ್ಲಿ 1765ರಿಂದ ಗಿರಾಕಿಗಳನ್ನೇ ಕೂರಿಸಿ ತೂಕ ಬರೆದಿಡುವ ರೂಢಿ ಬೆಳೆಯಿತು. ಕುಡಿದು ಎಷ್ಟು ದಪ್ಪಗಾದಿರಿ ಎಂದು ಅಂಗಡಿಯವನೇ ಲೆಕ್ಕ ಇಡುವುದು ನನಗೆ ಬಹಳ ಹಿಡಿಸಿತು. ಇನ್ನೊಬ್ಬ ಸ್ಟೀವನ್ ಸ್ಪರಿಯರ್. ಪ್ಯಾರಿಸ್ಸಿನಲ್ಲಿ ಸಣ್ಣ ವೈನ್ ಅಂಗಡಿ ಇಟ್ಟುಕೊಂಡಿದ್ದ ಇಂಗ್ಲಿಷಿನವನು. ಕೊಳ್ಳುವ ಮೊದಲು ರುಚಿ ನೋಡಿ ಎಂದು ಗಿರಾಕಿಗಳಿಗೆ ಗ್ಲಾಸು ಕೊಡುತ್ತಿದ್ದ. 1976ರ ಮೇ 24ರಂದು ಫ್ರೆಂಚ್ ಪಂಡಿತರನ್ನೇ ಕೂರಿಸಿ, ಬಾಟಲಿಯ ಹೆಸರು ಮರೆಮಾಡಿ ಕುಡಿಸಿದಾಗ ಅವರು ಕ್ಯಾಲಿಫೋರ್ನಿಯದ ವೈನುಗಳಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ಫ್ರಾನ್ಸಿಗೆ ಮುಖಭಂಗವಾಯಿತು. ಜಗತ್ತಿನ ವೈನ್ ನಕ್ಷೆಯನ್ನು ಒಬ್ಬ ಅಂಗಡಿಯವನು ಒಂದು ಮಧ್ಯಾಹ್ನದಲ್ಲಿ ತಿದ್ದಿದ. ಇದೇ ಸ್ಪರಿಯರ್ 2005ರಲ್ಲಿ 'ಡಿಕ್ಯಾಂಟರ್' ಪತ್ರಿಕೆಯಲ್ಲಿ ನಮ್ಮ ದೊಡ್ಡಬಳ್ಳಾಪುರದ ಗ್ರೋವರ್ ತೋಟದ 'ಲಾ ರಿಸರ್ವ್' ಕೆಂಪು ವೈನನ್ನು ಮೆಚ್ಚಿ ಎತ್ತಿ ಹಿಡಿದ.

ಆ ಮಾತು ಲಂಡನ್ನಿನಿಂದ ಬೆಂಗಳೂರಿಗೆ ಬಂತು. ಬೆಂಗಳೂರಿನಿಂದ ಆಳಂದದ ಕಿಂಡಿಗೆ ಬರಲಿಲ್ಲ.

ಬರದಿದ್ದ ಮೇಲೆ ನಮಗೆ ನಾವೇ ಅಂಗಡಿಯವರಾಗಬೇಕು. ಆ ಮೇಲಿನ ಖಾನೆಯಲ್ಲಿ ಸಾಮಾನ್ಯವಾಗಿ ಇರುವುದು ಎರಡು ಬಗೆ. ಒಂದು, ಪೋರ್ಟ್ ಹೆಸರಿನ ಸಿಹಿ ವೈನ್. ನಮ್ಮ ಹೈದರಾಬಾದ್ ಕಡೆ ತಲೆಮಾರಿನಿಂದ ಪರಿಚಯವಿರುವ ಗೋಲ್ಕೊಂಡಾ ರೂಬಿಯ ಜಾತಿ. ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ಇಂಥದ್ದು ಮಾಡುತ್ತಾರೆ. ಆ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ತಣ್ಣಗೆ ಮಾಡಿ, ಸಣ್ಣ ಗ್ಲಾಸಿನಲ್ಲಿ, ಊಟದ ಕೊನೆಗೆ ಒಂದಿಷ್ಟು ಕುಡಿದರೆ ಪೋರ್ಟಿನ ಬಗ್ಗೆ ನನ್ನ ತಕರಾರಿಲ್ಲ. ಊಟದ ಜೊತೆಗಾದರೆ ಅದು ನಾಲಿಗೆಯ ಮೇಲೆ ಕೂತುಬಿಡುತ್ತದೆ. ಪಲ್ಯದ ರುಚಿ ತಿಳಿಯುವುದಿಲ್ಲ.

ಎರಡನೆಯದು ಸಿಹಿಯಿಲ್ಲದ ಒಣ ವೈನ್. ನಾಸಿಕದ ಸುಲಾ, ನಂದಿ ಬೆಟ್ಟದ ತಪ್ಪಲಿನ ಗ್ರೋವರ್, ಎಸ್‌ಡಿಯು, ಕೊಪ್ಪಳ ಸೀಮೆಯ ಹಂಪಿ ಹಿಲ್ಸ್ ತೋಟದ ಕೃಷ್ಮಾ. ಕೊನೆಯ ಎರಡು ಕಲಬುರಗಿಯಲ್ಲೂ ಹುಡುಕಿದರಷ್ಟೇ ಸಿಕ್ಕಾವು. ಬಿಳಿಯಲ್ಲಿ ಎರಡು ಹಣ್ಣಿನ ಹೆಸರು ನೆನಪಿಟ್ಟರೆ ಸಾಕು: ಶೆನಿನ್ ಬ್ಲಾಂಕ್, ಸವಿನ್ಯೊ ಬ್ಲಾಂಕ್. ಶೆನಿನ್‌ನಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ. ಸವಿನ್ಯೊ ಹುಳಿ, ಹಸಿ ಹುಲ್ಲಿನ ವಾಸನೆ. ಕೆಂಪಿನಲ್ಲಿ ಶಿರಾಜ್ ಮೊದಲು, ಕ್ಯಾಬರ್ನೆ ಆಮೇಲೆ. ಲೇಬಲ್ಲಿನ ಮೇಲೆ ಹಣ್ಣು ಕೊಯ್ದ ವರ್ಷ ಅಥವಾ ಬಾಟಲಿಗೆ ತುಂಬಿದ ದಿನಾಂಕ ಇರುತ್ತದೆ. ಹಳೆಯದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಇಲ್ಲಿಯೇ ಬಿಟ್ಟುಬಿಡಿ. ಭಾರತದ ಬಿಳಿ ವೈನ್ ಎರಡು ವರ್ಷದೊಳಗೆ ಕುಡಿಯುವಂಥದ್ದು. ಕೆಂಪಿನಲ್ಲೂ ಹೆಚ್ಚಿನವು ನಾಲ್ಕೈದು ವರ್ಷದ ಮೇಲೆ ಇಳಿಮುಖ. ಅದೂ ತಂಪಿನಲ್ಲಿ ಇಟ್ಟಿದ್ದರೆ.

ತಂಪು! ಇಡೀ ವಿಷಯದ ಗಂಟು ಇಲ್ಲಿದೆ. ಕಲಬುರಗಿಯ ಮೇ ತಿಂಗಳು ಎಂದರೆ ನಲವತ್ತೆರಡು ನಲವತ್ತಮೂರು ಡಿಗ್ರಿ ಸಾಮಾನ್ಯ. ತಗಡಿನ ಕೆಳಗಿನ ಖಾನೆಯಲ್ಲಿ ಅದಕ್ಕಿಂತ ಹೆಚ್ಚು. ವಿಸ್ಕಿ, ರಮ್ಮಿಗೆ ಇದರಿಂದ ಏನೂ ಆಗದು. ಅವುಗಳಲ್ಲಿ ಆಲ್ಕೋಹಾಲು ನೂರಕ್ಕೆ ನಲವತ್ತರ ಮೇಲೆ. ಹನ್ನೆರಡು ಹದಿನಾಲ್ಕರ ವೈನು ಈ ಬಿಸಿಯಲ್ಲಿ ವಾರಗಟ್ಟಲೆ ನಿಂತರೆ ಬಾಟಲಿಯೊಳಗೇ ಬೇಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಬಿರಡೆ ಬಾಯಿಂದ ಮೇಲಕ್ಕೆ ಎದ್ದಿದ್ದರೆ, ಕುತ್ತಿಗೆಯಲ್ಲಿ ಅಂಟು ಇಳಿದಿದ್ದರೆ, ಬಿಳಿ ವೈನು ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೊಳ್ಳಬೇಡಿ. ತೆರೆದಾಗ ತಾಜಾ ಹಣ್ಣಿನ ಬದಲು ಕುದಿಸಿದ ಹಣ್ಣಿನ ವಾಸನೆ ಬಂದರೆ ಅದು ಕೆಟ್ಟದ್ದೇ. 'ವೈನು ನಮಗೆ ಹಿಡಿಸಲಿಲ್ಲ' ಎನ್ನುವ ನಮ್ಮ ಕಡೆಯ ಅನೇಕರು ಕುಡಿದದ್ದು ಇಂಥದ್ದನ್ನೇ ಎಂಬುದು ನನ್ನ ಅನುಮಾನ.

ಹಿಂದಿನವರಿಗೆ ತಂಪಿನ ಲೆಕ್ಕ ಗೊತ್ತಿತ್ತು. ಈ ಸೀಮೆಯ ಹಳೆ ಊರುಗಳಲ್ಲಿ, ಮನೆಯ ಮುಂದೆಯೋ ಅಗಸಿಯ ಬಳಿಯೋ, ನೆಲದೊಳಗೆ ಹಗೇವು ಇರುತ್ತಿದ್ದವು. ಒಬ್ಬ ಆಳು ಇಳಿಯುವಷ್ಟೇ ಕಿರಿದಾದ ಬಾಯಿ, ಒಳಗೆ ಆಳು ನಿಲ್ಲುವಷ್ಟು ಹೊಟ್ಟೆ. ಗೋಡೆಗೆ ಜೋಳದ ದಂಟಿನದೋ ಹುಲ್ಲಿನದೋ ಒತ್ತು ಕೊಟ್ಟು, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳಿಗೆ ಹುಳ ಬೀಳುತ್ತಿರಲಿಲ್ಲ. ಮೇಲೆ ಬಿಸಿಲು ಕುದಿಯುತ್ತಿದ್ದರೂ ಒಳಗಿನ ಹವೆ ಹಗಲು ರಾತ್ರಿ ಒಂದೇ ಸಮ. ಫ್ರಾನ್ಸಿನ ನೆಲಮಾಳಿಗೆಯ ಹನ್ನೆರಡು ಹದಿಮೂರು ಡಿಗ್ರಿ ನಮ್ಮ ನೆಲದೊಳಗೆ ಸಿಗುವುದಿಲ್ಲ, ನಮ್ಮ ಮಣ್ಣೇ ಬೆಚ್ಚಗಿನದು. ಆದರೆ ವೈನಿಗೆ ಬಿಸಿಯಷ್ಟೇ ಕೆಟ್ಟದ್ದು ಏರಿಳಿತ, ಅದಕ್ಕೆ ಹಗೇವಿನಲ್ಲಿ ಜಾಗವಿರಲಿಲ್ಲ.

ಹಗೇವಿನ ಬಾಯಿ ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಂದು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಆಮೇಲೆ ಆಳು. ಮುಚ್ಚಿದ ಕಾಳು ಉಸಿರಾಡಿ ಉಸಿರಾಡಿ ಒಳಗೆಲ್ಲ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ದ್ರಾಕ್ಷಿರಸ ಹುದುಗುವಾಗಲೂ ಹೊರಬರುವುದು ಅದೇ ಅನಿಲ. ಯುರೋಪಿನ ವೈನ್ ನೆಲಮಾಳಿಗೆಗಳಲ್ಲೂ ಸುಗ್ಗಿಯ ಕಾಲದಲ್ಲಿ ಮೇಣದ ಬತ್ತಿ ಹಿಡಿದೇ ಇಳಿಯುತ್ತಿದ್ದರು. ಒಬ್ಬರಿಗೊಬ್ಬರ ಸುದ್ದಿ ಗೊತ್ತಿಲ್ಲದ ಎರಡು ಊರಿನ ರೈತರು ಒಂದೇ ದೀಪ ಹಿಡಿದದ್ದು ಹೀಗೆ. ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಇದ್ದರೂ ಬಾಟಲಿ ಇಡಲು ಇಳಿಯಿರಿ ಎಂದು ನಾನು ಹೇಳಲಾರೆ. ದಪ್ಪ ಮಣ್ಣು ಗೋಡೆಯ ಹಳೆ ಮನೆಯ ಒಳಕೋಣೆ, ಮಂಚದ ಕೆಳಗೆ, ಬೆಳಕು ಬೀಳದಲ್ಲಿ ಸಾಕು. ಬಿರಡೆಯದಾದರೆ ಮಲಗಿಸಿ, ತಿರುಪಿನ ಮುಚ್ಚಳದ್ದಾದರೆ ಹೇಗಿದ್ದರೂ ಸರಿ. ಬೇಸಿಗೆಗೆ ಮುಂಚೆ ಕುಡಿದು ಮುಗಿಸುವುದು ಎಲ್ಲಕ್ಕಿಂತ ಭದ್ರ.

ಇನ್ನು ಕುಡಿಯಲು ಕೊಡುವಾಗಿನ ಮಾತು. 'ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ' ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆ ಕೋಣೆ ಚಳಿ ದೇಶದ್ದು. ಹದಿನಾರು ಹದಿನೆಂಟು ಡಿಗ್ರಿ. ನಮ್ಮ ಕೋಣೆ ಮಾರ್ಚಿನಲ್ಲೇ ಮೂವತ್ತೈದು. ಆದ್ದರಿಂದ ಕೆಂಪನ್ನೂ ಗಂಟೆ, ಒಂದೂವರೆ ಗಂಟೆ ಫ್ರಿಜ್ಜಿನಲ್ಲಿ ಇಡಿ. ಬಿಳಿಗೆ ಎಂಟರಿಂದ ಹತ್ತು ಡಿಗ್ರಿ ಬೇಕು, ಮೂರು ಗಂಟೆಯಾದರೂ ಇರಲಿ. ಕರೆಂಟ್ ಹೋಗಿದ್ದರೆ ಬಕೆಟಿಗೆ ಬರೀ ಐಸ್ ಹಾಕಬೇಡಿ, ನೀರನ್ನೂ ಸುರಿಯಿರಿ, ಒಂದು ಹಿಡಿ ಉಪ್ಪು ಹಾಕಿ. ಐಸ್ ತುಂಡುಗಳ ನಡುವಿನ ಖಾಲಿಯನ್ನು ನೀರು ತುಂಬಿದರೆ ಬಾಟಲಿ ಅರ್ಧ ಗಂಟೆಯೊಳಗೆ ತಣಿಯುತ್ತದೆ. ಐಸೂ ಇಲ್ಲವೆಂದರೆ ಒದ್ದೆ ಗೋಣಿತಟ್ಟು ಸುತ್ತಿ ಗಾಳಿಗಿಡಿ. ನಮ್ಮ ಬೇಸಿಗೆಯ ಒಣ ಗಾಳಿಗೆ ಇದು ಚೆನ್ನಾಗಿ ನಡೆಯುತ್ತದೆ, ಕೆಂಪಿಗೆ ಅಷ್ಟು ಸಾಲುತ್ತದೆ. ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಹಾಕಿ. ಉಳಿದ ಜಾಗ ವಾಸನೆಗೆ. ಗ್ಲಾಸಿನೊಳಗೆ ಐಸ್ ಹಾಕಿದರೆ ನೀರು ಕುಡಿದಂತೆ. ತೆರೆದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಹುಡುಗರು ಕೇಳುವ 'ಢಮ್' ಬಾಟಲಿಯ ಒಳಗೆ ಕಾರಿನ ಗಾಲಿಗಿಂತ ಹೆಚ್ಚು ಒತ್ತಡ ಇರುತ್ತದೆ. ಬಿರಡೆಯ ಮೇಲೆ ಬಟ್ಟೆ ಹಿಡಿದು, ಬಾಟಲಿಯನ್ನು ತಿರುಗಿಸಿ ಮೆಲ್ಲಗೆ ಬಿಡಿಸಬೇಕು. ಮುಖದ ಕಡೆ ತಿರುಗಿಸಲೇಬಾರದು.

ಒಂದು ಸಂಜೆ ಇದೆಲ್ಲ ಪರೀಕ್ಷೆಗೆ ಬಂತು. ಪುಣೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಊರಿಗೆ ಬರುವಾಗ ಮೂರು ಬಾಟಲಿ ತಂದಿದ್ದ. ತೋಟದ ಮೋಟರ್ ಮನೆಯ ಪಕ್ಕ, ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಊಟ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಕೆನೆ ಮೊಸರು. ಬೇರೆ ಒಲೆಯ ಮೇಲೆ ಮಟನ್. ಬಾಟಲಿಗಳು ನೀರಿನ ತೊಟ್ಟಿಯಲ್ಲಿ ಐಸಿನ ಕೆಳಗೆ ಮುಳುಗಿದ್ದವು. ಹುಡುಗನ ಚಿಕ್ಕಪ್ಪ ಮೊದಲು ಸವಿನ್ಯೊ ತುಟಿಗೆ ಹಚ್ಚಿ ಮುಖ ಕಿವುಚಿದರು.

"ಹುಳಿ ಅದಲೋ ತಮ್ಮಾ, ಇದಕ್ಯಾಕ ರೊಕ್ಕ ಕೊಟ್ಟಿ?"

"ಕಾಕಾ, ಹಂಗೇ ಕುಡೀಬ್ಯಾಡ್ರಿ. ಪುಂಡಿ ಪಲ್ಯ ಒಂದು ತುತ್ತು ತಿಂದು ಆಮ್ಯಾಲ ಕುಡೀರಿ."

ಕಾಕಾ ತಿಂದು, ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ ಹುಳಿ ಇಲ್ಲ ನೋಡು" ಎಂದರು.

ಪುಂಡಿಯ ಹುಳಿಯ ಮುಂದೆ ವೈನಿನ ಹುಳಿ ಅಡಗುತ್ತದೆ, ಒಳಗಿದ್ದ ಹಣ್ಣಿನ ರುಚಿ ಮೇಲೆ ಬರುತ್ತದೆ. ಊಟ ಹುಳಿಯಿದ್ದರೆ ವೈನು ಅದಕ್ಕಿಂತ ಕಡಿಮೆ ಹುಳಿ ಇರಬಾರದು; ಊಟ ಸಿಹಿಯಿದ್ದರೆ ವೈನು ಅದಕ್ಕಿಂತ ಸಿಹಿ ಇರಬೇಕು. ಅಂದರೆ ಶೇಂಗಾ ಹೋಳಿಗೆಯ ಮುಂದೆ ಒಣ ವೈನ್ ಇಟ್ಟರೆ ಎರಡೂ ಕೆಡುತ್ತವೆ. ಅಲ್ಲಿಗೆ ತಡವಾಗಿ ಕೊಯ್ದ ಶೆನಿನ್ ಬ್ಲಾಂಕಿನ ಸಿಹಿ ವೈನ್ ಸರಿ. ನಮ್ಮ ಕಡೆಯ ನಿಜವಾದ ತೊಡಕು ಖಾರ. ಕೆಂಪು ವೈನಿನ ಒಗರು ಮತ್ತು ಆಲ್ಕೋಹಾಲು ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ. ಕೆಂಪು ಖಾರ ನಂಚಿಕೊಂಡು ಕ್ಯಾಬರ್ನೆ ಕುಡಿದರೆ ನಾಲಿಗೆಗೆ ಕೊಳ್ಳಿ ಇಟ್ಟ ಹಾಗೆ. ಅಲ್ಪ ಸಿಹಿಯ ಶೆನಿನ್ ಅನ್ನು ಚೆನ್ನಾಗಿ ತಣಿಸಿ ಕೊಟ್ಟರೆ ಅದೇ ಖಾರ ಹದಕ್ಕೆ ಬರುತ್ತದೆ. ಎಣ್ಣೆಗಾಯಿಯ ಎಣ್ಣೆ, ಶೇಂಗಾ, ಎಳ್ಳಿಗೆ ಮಾತ್ರ ಶಿರಾಜ್ ಬೇಕು; ಮಟನ್ನಿಗೂ ಅದೇ. ಎಣ್ಣೆ ಒಗರನ್ನು ಮೆದು ಮಾಡುತ್ತದೆ, ಒಗರು ಎಣ್ಣೆಯನ್ನು ಕಡಿಯುತ್ತದೆ. ಜೋಳದ ರೊಟ್ಟಿಗೆ ಸ್ವಂತ ಹಟವಿಲ್ಲ, ಯಾವುದರ ಜೊತೆಗೂ ಕೂತುಕೊಳ್ಳುತ್ತದೆ. ಅನ್ನ ಸಾರಿಗಿಂತ ರೊಟ್ಟಿ ಊಟವೇ ವೈನಿಗೆ ಒಗ್ಗುತ್ತದೆಂದು ನಾನು ಆ ಸಂಜೆಯಿಂದ ವಾದಿಸುತ್ತ ಬಂದಿದ್ದೇನೆ.

ಕಾಕಾ ಎರಡನೇ ಗ್ಲಾಸು ಬೇಡ ಎಂದರು. ಮನೆಯ ಹೆಣ್ಣುಮಕ್ಕಳು ಆ ಕಡೆ ತಲೆ ಹಾಕಲಿಲ್ಲ. ಅವರ ಮೌನಕ್ಕೆ ಕಾರಣವಿದೆ. ಕ್ವಾಟರ್ ಬಾಟಲಿ ಈ ಸೀಮೆಯ ಎಷ್ಟು ಮನೆಯ ಜೋಳದ ಚೀಲ ಖಾಲಿ ಮಾಡಿದೆ ಎಂಬುದನ್ನು ಬಲ್ಲವರು ಅವರೇ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಅವರಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರು ಬಹಳ. ಗಡಿಯಾಚೆ ಮಹಾರಾಷ್ಟ್ರ ಸರ್ಕಾರ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ಒಪ್ಪಿದಾಗ ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು, ನಿರ್ಧಾರ ಅಲ್ಲೇ ನಿಂತಿತು. ದ್ರಾಕ್ಷಿ ರೈತನ ಹೆಸರು ಹೇಳಿ ತಂದದ್ದನ್ನು ಹೆಂಗಸರ ಸಿಟ್ಟಿನ ಮುಂದೆ ಮಾರುವುದು ಸುಲಭವಲ್ಲ. ಸುಲಭವಾಗಬೇಕೆಂದು ನನಗೂ ಅನಿಸುವುದಿಲ್ಲ.

ಇತ್ತ ಹೊರದೇಶದ ವೈನ್ ಹತ್ತಿರ ಬರುತ್ತಿದೆ. ಆಸ್ಟ್ರೇಲಿಯದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದು, ಐದರಿಂದ ಹದಿನೈದು ಡಾಲರ್ ಬೆಲೆಯ ಬಾಟಲಿಯ ಮೇಲಿನ ಆಮದು ಸುಂಕ ಶೇಕಡಾ ನೂರೈವತ್ತರಿಂದ ನೂರಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಐವತ್ತಕ್ಕೆ ಇಳಿಯುತ್ತ ಹೋಗುತ್ತದೆ. ನಾಳೆ ಆಸ್ಟ್ರೇಲಿಯದ ಶಿರಾಜ್ ಬಂದು ಅದೇ ತಗಡಿನ ಕೆಳಗೆ, ಅದೇ ಮೇಲಿನ ಖಾನೆಯಲ್ಲಿ ನಿಂತರೆ ಅದೂ ಬೇಯುತ್ತದೆ. ಸುಂಕ ಎಷ್ಟು ಇಳಿದರೂ ಬಿಸಿಲು ಇಳಿಯುವುದಿಲ್ಲ.

ಅಂಗಡಿಯವರಲ್ಲಿ ಒಂದು ವಿನಂತಿ. ವೈನ್ ಬಾಟಲಿಗಳನ್ನು ಮೇಲಿನ ಖಾನೆಯಿಂದ ಇಳಿಸಿ, ಬಿಯರ್ ಇಡುವ ಫ್ರಿಜ್ಜಿನ ಕೆಳಗಿನ ಸಾಲಿನಲ್ಲಿ ಮಲಗಿಸಿ. ನಾಲ್ಕು ಬಾಟಲಿ ಬಿಯರಿನ ಜಾಗ ಹೋದೀತು. ಸಿಹಿ ಯಾವುದು, ಒಣ ಯಾವುದು ಎಂದು ಒಂದು ಚೀಟಿ ಅಂಟಿಸಿ, ಸಾಕು. ಕೊಳ್ಳುವವರೂ ಅಷ್ಟೇ: ಲೇಬಲ್ಲಿನ ವರ್ಷ ನೋಡಿ, ಬಿರಡೆ ನೋಡಿ, ಮೇ ತಿಂಗಳಲ್ಲಿ ಖಾನೆಯ ಮೇಲಿನದನ್ನು ಕೊಳ್ಳಲೇಬೇಡಿ. ತರುವುದಿದ್ದರೆ ದೀಪಾವಳಿ ಮತ್ತು ಸಂಕ್ರಾಂತಿಯ ನಡುವೆ ತನ್ನಿ, ರೊಟ್ಟಿ ಊಟದ ಜೊತೆ ಒಂದು ಗ್ಲಾಸು ಕುಡಿಯಿರಿ, ಕುಡಿದ ಮೇಲೆ ಗಾಡಿ ಮುಟ್ಟಬೇಡಿ.